ಒತ್ತೆ ಬಿದ್ದ ಹದಿನೇಳರ ಮಗ್ಗಿ

ನನ್ನ ತಲೆಯೊಳಗಿರುವುದು ನನ್ನದಲ್ಲ, ಬ್ಯಾಂಕಿನದು ಎಂದು ಹನ್ನೊಂದು ವರ್ಷ ಗಟ್ಟಿಯಾಗಿ ನಂಬಿದ್ದವಳು ಈ ಭೂಮಿಯ ಮೇಲೆ ಒಬ್ಬಳೇ ಒಬ್ಬಳಿದ್ದಳು. ಆಕೆ ನನ್ನ ಸೋದರತ್ತೆ. ನಗಬೇಡಿ! ಮೊದಮೊದಲು ನಾನೂ ನಕ್ಕವಳೇ. ಆಮೇಲೆ ಆಕೆಯ ಎದುರು ವಾದಕ್ಕೆ ಕೂತು ನೋಡಿದೆ. ಬಿ.ಎಡ್. ಮಾಡಿದ ನಾನು ಒಂದು ಸಲವೂ ಗೆಲ್ಲಲಿಲ್ಲ.

ಆಕೆಯ ಹೆಸರು ಮೂರೇ ಅಕ್ಷರದ್ದು. ಆದರೆ ಅದನ್ನು ಪೂರ್ತಿ ಬರೆಯಲು ನನಗಿನ್ನೂ ಕೈ ಬರುವುದಿಲ್ಲ. ಹಾಗಾಗಿ ಬರೀ ಅತ್ತೆ ಎನ್ನುತ್ತೇನೆ. ನನ್ನ ಅಪ್ಪ ಅವ್ವ ನಾನು ತೊದಲು ಮಾತಾಡುವಾಗಲೇ ತೀರಿಕೊಂಡರು. ಮಕ್ಕಳಿಲ್ಲದ, ಗಂಡನನ್ನೂ ಕಳೆದುಕೊಂಡಿದ್ದ ಅತ್ತೆ ನನ್ನನ್ನು ಭಂಕೂರಿನ ತನ್ನ ಎರಡು ಕೋಣೆಯ ಮನೆಗೆ ಕರೆದುಕೊಂಡು ಬಂದಳು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಆಕೆಗೆ ಕೆಲಸ. ದಿನವಿಡೀ ಕಲ್ಲು ಉಜ್ಜುವುದು, ತೊಳೆಯುವುದು, ಕೈಯಾಡಿಸಿ ನುಣುಪು ನೋಡುವುದು. ಓದು ಬರಹ ಏನೂ ಬಾರದು.

ಕಾಲೇಜಿಗೆಂದು ನಾನು ಶಿಕ್ಷಣ ಸಾಲ ತೆಗೆದುಕೊಂಡಾಗ ಜೊತೆಗೆ ಹೆಬ್ಬೆಟ್ಟು ಒತ್ತಲು ಬಂದವಳು ಇದೇ ಅತ್ತೆ. ಮ್ಯಾನೇಜರ್ ದಕ್ಷಿಣದ ಕಡೆಯವರು, ಬಹಳ ಮೆದು ಮಾತಿನ ಮನುಷ್ಯ.

"ಸಾಹೇಬ್ರ, ಕಂತು ತಪ್ಪಿದ್ರ ಏನ್ ಒಯ್ತೀರಿ?" ಎಂದಳು ಅತ್ತೆ.

"ಏನೂ ಒಯ್ಯಲ್ಲಮ್ಮ. ಇದು ಓದೋದಕ್ಕೆ ಕೊಡೋ ಸಾಲ. ಮನೆ, ಹೊಲ ಏನೂ ಅಡವಿಡಬೇಕಾಗಿಲ್ಲ."

ಅತ್ತೆ ಹೆಬ್ಬೆಟ್ಟು ಒತ್ತಿದಳು. ನಾನು ನೆಮ್ಮದಿ ಆಯಿತೆಂದುಕೊಂಡೆ. ಆದರೆ ಹಿಂದಿನ ವಾರವಷ್ಟೇ ನಮ್ಮ ಓಣಿಯಲ್ಲಿ ಒಂದು ಘಟನೆ ನಡೆದಿತ್ತು. ಗಣಿಯಿಂದ ಕಲ್ಲು ಸಾಗಿಸುವ ಒಬ್ಬರ ಟ್ರ್ಯಾಕ್ಟರನ್ನು ಫೈನಾನ್ಸಿನವರು ಬಂದು ಮನೆ ಮುಂದಿನಿಂದಲೇ ಎಳೆದುಕೊಂಡು ಹೋಗಿದ್ದರು. ಅತ್ತೆ ಅದನ್ನು ಕಣ್ಣಾರೆ ಕಂಡಿದ್ದಳು. ಬ್ಯಾಂಕಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಆಕೆಯ ಲೆಕ್ಕ ಮುಗಿದಿತ್ತು.

"ಟ್ರ್ಯಾಕ್ಟರಿಗಿ ಸಾಲ ಕೊಟ್ಟವರು ಟ್ರ್ಯಾಕ್ಟರ್ ಒಯ್ದರು. ಓದಿಗಿ ಸಾಲ ಕೊಟ್ಟವರು ಏನ್ ಒಯ್ತಾರ? ನೀನೇ ಹೇಳು, ಶ್ಯಾಣ್ಯಾಕಿ ಇದ್ದೀ."

"ಓದು ಹ್ಯಾಂಗ ಒಯ್ತಾರ ಅತ್ತಿ? ಅದು ತಲ್ಯಾಗಿರ್ತದ."

"ಬ್ಯಾಂಕಿನವರಿಗಿ ಹಾದಿ ಗೊತ್ತಿರ್ತದವ್ವ. ಮಿಷನ್ ಇಟ್ಟಿರ್ತಾರ."

ಏನು ಹೇಳುತ್ತೀರಿ ಇದಕ್ಕೆ? ಹಾಗೊಂದು ಮಿಷನ್ ಇಲ್ಲ ಎಂದು ಸಾಧಿಸಿ ತೋರಿಸುವುದಾದರೂ ಹೇಗೆ!

ಅಂದಿನಿಂದ ನನ್ನ ಓದು ಒತ್ತೆ ಬಿದ್ದ ಮಾಲು ಆಯಿತು. ಓದು ಮುಗಿದು ಕೆಲಸ ಸಿಗುವವರೆಗೆ ಕಂತು ಕಟ್ಟಬೇಕಾಗಿಲ್ಲ ಎಂದು ಮ್ಯಾನೇಜರ್ ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. ಪ್ರತಿ ತಿಂಗಳು ಹತ್ತನೇ ತಾರೀಖು ಕೂಲಿಯ ದುಡ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು ಶಹಾಬಾದಿನ ಬ್ಯಾಂಕಿಗೆ ಹೋಗಿ ನಿಲ್ಲುತ್ತಿದ್ದಳು.

"ಬಡ್ಡಿ ಈಗೂ ಬೆಳೀಲಿಕತ್ತದೋ ಇಲ್ಲೋ ಸಾಹೇಬ್ರ?"

"ಬೆಳೀತಾ ಇರುತ್ತಮ್ಮ."

"ಮತ್ತ ಬೆಳೀಲಿ ಅಂತ ಬಿಟ್ಟು ಆಮ್ಯಾಲ ಕೊಯ್ಯಾಕ ಅದೇನು ಜೋಳಾನಾ? ತಗೋರಿ."

ಆ ಮ್ಯಾನೇಜರ್ ವರ್ಗವಾಗಿ ಹೋಗುವಾಗ ನನಗೆ ಹೇಳಿದರು, ಶಿಕ್ಷಣ ಸಾಲವನ್ನು ಇಷ್ಟು ಚೆನ್ನಾಗಿ ನಿಭಾಯಿಸುವವರನ್ನು ತಾವು ಕಂಡಿಲ್ಲವಂತೆ. ಅತ್ತೆಗೆ ಅದನ್ನು ತಿಳಿಸಿದೆ. "ಹೊಗಳಿ ಹೊಗಳಿ ಒಯ್ತಾರ ಅವರು" ಎಂದು ಮೂಗು ಮುರಿದಳು.

ಅತ್ತೆ ಬ್ಯಾಂಕಿಗೆ ಹೊರಡುವ ಮೊದಲು ನನಗೊಂದು ಪರೀಕ್ಷೆ ಇರುತ್ತಿತ್ತು. ಹಾಸ್ಟೆಲಿನಲ್ಲಿದ್ದಾಗ ಫೋನಿನಲ್ಲಿ, ಊರಲ್ಲಿದ್ದಾಗ ಎದುರಿಗೆ. ಮಾಲು ಪೂರ್ತಿ ಇದೆಯೋ, ಬ್ಯಾಂಕಿನವರು ಗುಟ್ಟಾಗಿ ಒಂದಿಷ್ಟು ಜಗ್ಗಿಕೊಂಡಿದ್ದಾರೋ ನೋಡಬೇಕಲ್ಲ!

"ಹದಿನೇಳರ ಮಗ್ಗಿ ಹೇಳು."

ಹದಿನೇಳೇ ಯಾಕೆ? ಅದೇ ಎಲ್ಲಕ್ಕಿಂತ ಕಷ್ಟದ ಮಗ್ಗಿ ಎಂದು ಯಾರೋ ಆಕೆಗೆ ಹೇಳಿದ್ದರಂತೆ. ಆಕೆಗೇ ಆ ಮಗ್ಗಿ ಬಾರದು, ಮತ್ತೆ ತಪ್ಪು ಸರಿ ಹೇಗೆ ಗೊತ್ತಾಗಬೇಕು? ಅದಕ್ಕೂ ಆಕೆಯ ಹತ್ತಿರ ಉಪಾಯ ಇತ್ತು. ನಾನು ಎಲ್ಲಿಯೂ ನಿಲ್ಲದೆ ಹೇಳಿದರೆ ಮಾಲು ಬರೋಬರಿ. ಎಲ್ಲಾದರೂ ತಡವರಿಸಿದರೆ, "ಕಡಿಮಿ ಆಗ್ಯದ!" ಎಂದು ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು.

ಡಿಗ್ರಿ ಆಯಿತು, ಬಿ.ಎಡ್. ಆಯಿತು. ಅಂಕಪಟ್ಟಿಗಳೆಲ್ಲ ಬಂದ ಕೂಡಲೇ ಅತ್ತೆ ಅವನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತನ್ನ ತಗಡಿನ ಸಂದೂಕದಲ್ಲಿ ಹಾಕಿ ಬೀಗ ಜಡಿದಳು. ಜಪ್ತಿಗೆ ಬಂದವರ ಕೈಗೆ ಸಿಗಬಾರದಂತೆ. ಚಿತ್ತಾಪುರದ ಖಾಸಗಿ ಶಾಲೆಯೊಂದರಲ್ಲಿ ಸಂದರ್ಶನಕ್ಕೆ ಕರೆದಾಗ ಅವು ಬೇಕಾದವು. ಕೊಟ್ಟಳು, ಆದರೆ ತಾನೂ ಜೊತೆಗೆ ಬಂದಳು. ವಾಡಿಯಲ್ಲಿ ರೈಲು ಬದಲಿಸಿ ಚಿತ್ತಾಪುರ ಮುಟ್ಟುವವರೆಗೂ ಚೀಲ ಆಕೆಯ ಕಂಕುಳಲ್ಲೇ ಇತ್ತು. ಹೆಡ್ ಮಾಸ್ತರರು ಅಂಕಪಟ್ಟಿ ಕೇಳಿದರು. ಅತ್ತೆ ಮೇಜಿನ ಮೇಲೆ ಇಟ್ಟಳು, ಒಂದು ಮೂಲೆಯನ್ನು ಮಾತ್ರ ಬಿಡಲಿಲ್ಲ!

"ಓದ್ರಿ, ಓದ್ರಿ. ನಾ ಹಿಡ್ಕೊಂಡೀನಿ."

ಪಾಪ, ಅವರು ನಗು ತಡೆಯಲಾರದೆಯೇ ಕೆಲಸ ಕೊಟ್ಟರೋ ಏನೋ!

ಸಂಬಳಕ್ಕೆ ಪಾಠ ಮಾಡಲು ಅತ್ತೆಯ ಅಡ್ಡಿ ಇರಲಿಲ್ಲ. ಸಾಲದ ಟ್ರ್ಯಾಕ್ಟರನ್ನು ಬಾಡಿಗೆಗೆ ಬಿಟ್ಟು ಅದೇ ದುಡ್ಡಿನಲ್ಲಿ ಕಂತು ಕಟ್ಟುವುದು ಲೋಕರೂಢಿಯಲ್ಲವೇ! ಬಿಟ್ಟಿ ಕೊಡುವುದಕ್ಕೆ ಮಾತ್ರ ಅಡ್ಡಿ. ಒಂದು ದಿನ ಮಗ್ಗಲು ಮನೆಯ ಕಾಕಾ ಪಿಂಚಣಿಗೆ ಅರ್ಜಿ ಬರೆಸಲು ಬಂದ.

"ಹತ್ತು ರೂಪಾಯಿ ಆಗ್ತದ ಕಾಕಾ," ಎಂದಳು ಅತ್ತೆ.

"ನಾಕು ಸಾಲು ಬರಿಲಿಕ್ಕ ಹತ್ತು ರೂಪಾಯಾ? ನಿನ್ನ ಸೊಸಿ ಅಲ್ಲೇನು ಅಕಿ?"

"ಸೊಸಿ ನಮ್ಮಕಿ. ಮಾಲು ಬ್ಯಾಂಕಿಂದು. ಬೇಕಂದ್ರ ಅವರಿಗೇ ಹೋಗಿ ಕೇಳು."

ಕಾಕಾ ಚೌಕಾಶಿ ಮಾಡಿ ಎಂಟಕ್ಕೆ ಇಳಿಸಿದ. ನಾಚಿಕೆಯಿಂದ ನಾನು ಎರಡು ಸಾಲು ಹೆಚ್ಚೇ ಬರೆದುಕೊಟ್ಟೆ. ಎಂಟು ರೂಪಾಯಿ ಅತ್ತೆಯ ಕಂತಿನ ಡಬ್ಬಿಗೆ ಹೋಯಿತು.

ಲಾಕ್‌ಡೌನ್ ಆಗಿ ಶಾಲೆಗಳೆಲ್ಲ ಮುಚ್ಚಿದ್ದ ಆ ವರ್ಷ ಮಾತ್ರ ನಗುವ ಹಾಗಿರಲಿಲ್ಲ. ನನ್ನ ಸಂಬಳ ನಿಂತಿತು, ಕಲ್ಲಿನ ಕಾರ್ಖಾನೆಯೂ ನಿಂತಿತು. ಮೂರು ಕಂತು ತಪ್ಪಿದವು. ಬ್ಯಾಂಕಿನಿಂದ ಫೋನು ಬರುತ್ತಲೇ ಇತ್ತು. ಪ್ರತಿ ಸಲ ಫೋನು ಬಂದಾಗಲೂ ಅತ್ತೆ ನನ್ನ ಮುಖ ನೋಡುತ್ತಿದ್ದಳು. ಒಂದು ದಿನ ಕೂಡ್ರಿಸಿಕೊಂಡು ಮಗ್ಗಿ ಹೇಳು ಎಂದಳು. ಮನಸ್ಸು ಎಲ್ಲೋ ಇತ್ತು. "ಹದಿನೇಳಾರ್ಲೆ ನೂರಾ ಎರಡು, ಹದಿನೇಳೇಳ್ಲೆ..." ಅಲ್ಲಿಗೆ ನಿಂತೆ. ಎಷ್ಟು ಮಾಡಿದರೂ ಮುಂದೆ ಬರಲಿಲ್ಲ.

ನಾನು ನಕ್ಕೆ. ಅತ್ತೆ ಅತ್ತಳು. ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಒಯ್ಲಿಕತ್ತಾರವ್ವ, ಖರೇನೇ ಒಯ್ಲಿಕತ್ತಾರ" ಎಂದು ಗಳಗಳ ಅತ್ತಳು. ಆ ಕೈಗಳು ಎಷ್ಟು ನುಣುಪಾಗಿದ್ದವೆಂದರೆ ನನಗೆ ಹೆದರಿಕೆಯಾಯಿತು. ಕಾರ್ಖಾನೆ ತೆರೆದ ದಿನವೇ ಎರಡು ಪಾಳಿ ಮಾಡುತ್ತೇನೆಂದು ಹೋದಳು. ಬೇಡವೆಂದು ಬಾಗಿಲಿಗೆ ಅಡ್ಡ ನಿಂತೆ. ನನ್ನನ್ನು ಸರಿಸಿ ಹೋದಳು. ತಪ್ಪಿದ ಮೂರೂ ಕಂತು ಕಟ್ಟಿದ್ದು ಆಕೆಯೇ.

ಆ ಕೈಗಳ ಸುದ್ದಿ ಹೇಳಲೇಬೇಕು. ಕಲ್ಲು ಉಜ್ಜಿ ಉಜ್ಜಿ ಬೆರಳಿನ ಗೆರೆಗಳೇ ಸವೆದು ಹೋಗಿದ್ದವು. ರೇಷನ್ ಅಂಗಡಿಯ ಮಿಷನ್ ಆಕೆಯ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ.

"ಇನ್ನೊಮ್ಮಿ ಒತ್ರಿ ದೊಡ್ಡವ್ವ," ಎನ್ನುತ್ತಿದ್ದ ಅಂಗಡಿಯವ. ಹತ್ತು ಸಲ ಒತ್ತಿದರೂ ಕೆಂಪು ದೀಪ. "ನೀವು ಇದ್ದೀರೋ ಇಲ್ಲೋ ಅಂತ ಮಿಷನ್ನಿಗೇ ಡೌಟು ನೋಡ್ರಿ!"

ಸುತ್ತಲಿದ್ದವರು ನಕ್ಕರು. ಅತ್ತೆಯೂ ನಕ್ಕಳು. ಆದರೆ ಮನೆಗೆ ಬಂದು ಬಹಳ ಹೊತ್ತು ತನ್ನ ಹೆಬ್ಬೆಟ್ಟು ನೋಡುತ್ತ ಕೂತಿದ್ದಳು. ಅವತ್ತೇ ನಾನು ಹೇಳಿದೆ, ಬೆರಳಿನ ಗೆರೆ ಹೋದರೆ ಹೋಗಲಿ, ಸಹಿ ಮಾಡಲಾದರೂ ಕಲಿ, ಮೂರೇ ಅಕ್ಷರ, ವಾರದಲ್ಲಿ ಬರುತ್ತದೆ.

"ಸಾಲ ತೀರಲಿ."

"ಶಾಲಿ ಹುಡುಗರಿಗಿ ದಿನಾ ಕಲಸ್ತೀನಲ್ಲ ಅತ್ತಿ?"

"ಅವರು ಫೀಸ್ ಕೊಡ್ತಾರ. ಅದು ಬಾಡಿಗಿ."

"ಹಂಗಾದ್ರ ನೀನೂ ಹತ್ತು ರೂಪಾಯಿ ಕೊಡು."

"ಮನಿಯವರ ಕಡಿಂದ ಬಾಡಿಗಿ ಇಸ್ಕೊಂತಾರೇನ? ನಾಚಿಕಿಲ್ದಾಕಿ!"

ನೋಡಿ ಫಜೀತಿ! ಮನೆಯವಳಾದ್ದರಿಂದ ದುಡ್ಡು ಕೊಡುವಂತಿಲ್ಲ, ಮಾಲು ಬ್ಯಾಂಕಿನದಾದ್ದರಿಂದ ಬಿಟ್ಟಿ ತೆಗೆದುಕೊಳ್ಳುವಂತಿಲ್ಲ. ಊರಿನ ಮಕ್ಕಳಿಗೆಲ್ಲ ಅಕ್ಷರ ಕಲಿಸುವ ನಾನು ಸಾಕಿದ ಅತ್ತೆಗೆ ಒಂದು ಅಕ್ಷರ ಕಲಿಸಲಾಗಲಿಲ್ಲ. ವರ್ಷಕ್ಕೆ ನಾಲ್ಕು ಸಲವಾದರೂ ಈ ಜಗಳ ಆಗುತ್ತಿತ್ತು. ಪ್ರತಿ ಸಲವೂ ಕೊನೆಗೆ ಆಕೆಯದು ಒಂದೇ ಮಾತು, ಸಾಲ ತೀರಲಿ.

ಇನ್ನೆರಡು ಕಂತು ಉಳಿದಿದ್ದಾಗ ಅತ್ತೆಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದು ಹೋದವು. ಬಾಯಿ ಒಂದು ಕಡೆ ಸೊಟ್ಟಗಾಯಿತು. ಕಲಬುರಗಿಯ ದವಾಖಾನೆಯಲ್ಲಿ ಮೂರನೇ ದಿನ ಕಣ್ಣು ಬಿಟ್ಟು ಆಕೆ ಕೇಳಿದ ಮೊದಲ ಮಾತು, "ಹತ್ತು ತಾರೀಖು ಆತಾ?"

ಆಗಿತ್ತು. ಕಂತಿನ ದುಡ್ಡನ್ನು ಔಷಧಿಗೆ ಇಟ್ಟುಕೊಂಡಿದ್ದೆ, ಒಂದು ತಿಂಗಳು ತಡವಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದು. ಅತ್ತೆ ಗುಳಿಗೆ ನುಂಗಲು ಒಪ್ಪಲಿಲ್ಲ. ಬಾಯಿ ಬಿಗಿ ಹಿಡಿದಳು. ಡಾಕ್ಟರು ಬೈದರು, ನರ್ಸಮ್ಮ ಬೇಡಿಕೊಂಡರು, ಊಹುಂ! ಕೊನೆಗೆ ಸಹೋದ್ಯೋಗಿಯೊಬ್ಬರ ಹತ್ತಿರ ಕೈಗಡ ಇಸಿದುಕೊಂಡು ಶಹಾಬಾದಿಗೆ ಹೋಗಿ ಕಟ್ಟಿ ರಸೀದಿ ತಂದು ಕಣ್ಣ ಮುಂದೆ ಹಿಡಿದೆ. ಓದಲು ಬಾರದ ಅತ್ತೆ ರಸೀದಿಯನ್ನು ಮೇಲಿಂದ ಕೆಳಗೆ ನೋಡಿದಳು. ಬ್ಯಾಂಕಿನ ಮೊಹರು, ಆ ನೀಲಿ ಸಿಕ್ಕಾ, ಗುರುತಿಸಿದಳು. ಆಮೇಲೆ ಬಾಯಿ ತೆರೆದಳು.

ಮರು ತಿಂಗಳು ಕೊನೆಯ ಕಂತು. ಸಾಲ ತೀರಿದೆ, ಬಾಕಿ ಏನೂ ಇಲ್ಲ ಎಂಬ ಪತ್ರ ಕೊಟ್ಟರು. ಮನೆಗೆ ಬಂದು ಅತ್ತೆಯ ಹಾಸಿಗೆಯ ಪಕ್ಕ ಕೂತು ಓದಿದೆ.

"ಇನ್ನೊಮ್ಮಿ ಓದು."

ಓದಿದೆ.

"ಈಗ ನಿಂದಾ?"

"ನಂದೇ ಅತ್ತಿ."

"ಪೂರಾ?"

"ಪೂರಾ."

ಅತ್ತೆ ಎಡಗೈಯಿಂದ ಸೊಂಟದ ಬೀಗದ ಕೈ ಹುಡುಕಿ ಕೊಟ್ಟಳು. ಅಂಕಪಟ್ಟಿ ತೆಗೆದುಕೋ ಎನ್ನುತ್ತಿದ್ದಾಳೆ ಎಂದುಕೊಂಡು ಸಂದೂಕ ತೆರೆದೆ. ಪ್ಲಾಸ್ಟಿಕ್ ಚೀಲ ಎತ್ತಿದೆ. ಅದರ ಕೆಳಗೆ ಒಂದು ಪಾಟಿ ಇತ್ತು. ಮಕ್ಕಳು ಅಕ್ಷರ ತಿದ್ದುವ, ಕಟ್ಟಿಗೆಯ ಚೌಕಟ್ಟಿನ ಪಾಟಿ. ಸುತ್ತಿದ ಕಾಗದ ಹಳದಿಯಾಗಿತ್ತು, ಪಾಟಿಯ ಮೇಲೆ ಒಂದು ಗೀರೂ ಇರಲಿಲ್ಲ. ಜೊತೆಗೆ ಎರಡು ಬಳಪ.

"ಯಾವಾಗ ತಂದಿದ್ದಿ ಅತ್ತಿ?"

"ನೀ ಕಾಲೇಜಿಗಿ ಹೋದ ವರ್ಷ. ವಾಡಿ ಬಜಾರದಾಗ." ತೊದಲುತ್ತ ಎಡಗೈ ಚಾಚಿದಳು. "ಈಗ ಕಲಸು."

ಹನ್ನೊಂದು ವರ್ಷ! ಕಲಿಯುವ ಆಸೆ ಇಲ್ಲದವಳಲ್ಲ ಆಕೆ. ಪಾಟಿ ತಂದಿಟ್ಟು ಕಾಯುತ್ತಿದ್ದಳು. ನಾನು ಅಳುತ್ತಲೇ ಆಕೆಯ ಎಡಗೈಯಲ್ಲಿ ಬಳಪ ಇಟ್ಟು, ನನ್ನ ಕೈ ಮೇಲಿಟ್ಟು, ಆಕೆಯ ಹೆಸರಿನ ಮೊದಲ ಅಕ್ಷರ ಬರೆಸಿದೆ. ಅದು ಒಂದು ಕಡೆ ವಾಲಿಕೊಂಡಿತ್ತು. ಅತ್ತೆ ಬಹಳ ಹೊತ್ತು ನೋಡಿ, ಸೊಟ್ಟ ಬಾಯಿಯಲ್ಲೇ ನಕ್ಕು ಕೇಳಿದಳು, "ಇದಕ್ಕ ಎಷ್ಟು ಕಂತು?"

ಎಂಟು ದಿನದಲ್ಲಿ ಮೊದಲ ಅಕ್ಷರ ನನ್ನ ಕೈ ಇಲ್ಲದೆಯೇ ಬಂತು. ಎರಡನೆಯದಕ್ಕೆ ಒತ್ತಕ್ಷರ ಇತ್ತು, ಅದಕ್ಕೆ ಹದಿನೈದು ದಿನ ಹಿಡಿಯಿತು. ಮಗ್ಗಲು ಮನೆಯ ಕಾಕಾನನ್ನು ಕರೆಸಿ ತೋರಿಸಿದಳು. ಮೂರನೆಯದು ಸೋಮವಾರ ಶುರು ಮಾಡೋಣ ಅಂದಿದ್ದೆ. ರವಿವಾರ ನಸುಕಿಗೆ ಎರಡನೇ ಸಲ ಲಕ್ವಾ ಹೊಡೆಯಿತು. ಈ ಸಲ ದವಾಖಾನೆಯವರೆಗೂ ಅತ್ತೆ ಉಳಿಯಲಿಲ್ಲ.

ಪಾಟಿ ಈಗಲೂ ಅದೇ ಸಂದೂಕದಲ್ಲಿದೆ, ಎರಡು ಅಕ್ಷರಗಳ ಸಮೇತ. ಮೂರನೆಯದನ್ನು ನಾನೇ ಬರೆದು ಮುಗಿಸಬಹುದು, ಆದರೆ ಬರೆದಿಲ್ಲ. ಕಟ್ಟಲು ಕಂತಿಲ್ಲ, ಬ್ಯಾಂಕಿನಿಂದ ಫೋನಿಲ್ಲ, ಓದೆಲ್ಲ ಪೂರಾ ನನ್ನದೇ. ಆದರೂ ಹತ್ತನೇ ತಾರೀಖು ಬಂದರೆ ಶಾಲೆಗೆ ಹೊರಡುವ ಮೊದಲು ಆಕೆಯ ಖಾಲಿ ಹಾಸಿಗೆಯ ಪಕ್ಕ ಕೂತು ಹದಿನೇಳರ ಮಗ್ಗಿ ಹೇಳುತ್ತೇನೆ. ಹದಿನೇಳಾರ್ಲೆ ತನಕ ನೆಟ್ಟಗೆ ಹೋಗುತ್ತದೆ. ಹದಿನೇಳೇಳ್ಲೆ ಎಂದು ನಿಲ್ಲುತ್ತೇನೆ, ಮುಂದೆ ಬರುವುದಿಲ್ಲ.

ಕಡಿಮಿ ಆಗ್ಯದ ಅತ್ತಿ. ಖರೇನೇ ಕಡಿಮಿ ಆಗ್ಯದ.