ಬೊಕ್ಕತಲೆಗೆ ಏಳು ಕನ್ನಡಿ ಚೂರು

ಚಿಂತೆ ಮಾಡುವುದೂ ಒಂದು ಚಟ ಎಂದು ಒಪ್ಪಿಕೊಳ್ಳುವ ಧೈರ್ಯ ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ಬಂದಿದೆ. ಬೀಡಿ, ಎಲೆಯಡಿಕೆಯ ಚಟವಾದರೆ ಬಿಡಿಸುವವರು ಸಿಗುತ್ತಾರೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನೆರೂಳ ಸ್ಟೇಷನ್ನಿನ ಮೆಟ್ಟಿಲಿನಿಂದ ಮನೆಗೆ ವಾಪಸು ಓಡುವವನಿಗೆ ಎಲ್ಲಿಯೂ ಔಷಧಿಯಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಸುಮತಿ ಇದನ್ನು ಪ್ರೀತಿ ಎಂದುಕೊಂಡಿದ್ದಳಂತೆ. ಹಾಗೆಂದು ಅವಳೇ ಹೇಳಿದ್ದು, ತಪ್ಪೊಪ್ಪಿಗೆಯ ಧಾಟಿಯಲ್ಲಿ.

ಮಗಳು ಮೇಘಾ ಫಿಸಿಯೋಥೆರಪಿ ಓದಿ ಮುಗಿಸಿ ಠಾಣೆ ನಗರದ ಘೋಡಬಂದರ್ ರಸ್ತೆಯ ಒಂದು ಕ್ಲಿನಿಕ್ಕಿಗೆ ಕೆಲಸಕ್ಕೆ ಸೇರಿದಾಗ ನನ್ನ ಚಟಕ್ಕೆ ಹೊಸ ಮೇವು ಸಿಕ್ಕಿತು. ಮೊದಲ ದಿನ ಲೋಕಲ್ ರೈಲಿನಲ್ಲಿ ಠಾಣೆಯವರೆಗೆ ಜೊತೆಗೆ ಹೋದೆ. ಮೊದಲ ದಿನವಲ್ಲವೇ ಎಂದು ಅವಳೂ ಒಪ್ಪಿದಳು. ಎರಡನೆಯ ದಿನ ದಾರಿ ಗಟ್ಟಿಯಾಗಲಿ ಎಂದು ಹೋದೆ. ಮೂರನೆಯ ದಿನ ಮೋಡ ಕವಿದಿತ್ತು. ನಾಲ್ಕನೆಯ ದಿನ ಕಾರಣ ಹುಡುಕುವ ಗೋಜಿಗೇ ಹೋಗಲಿಲ್ಲ. ಅವಳು ಹೆಂಗಸರ ಡಬ್ಬಿಯಲ್ಲಿ, ನಾನು ಪಕ್ಕದ ಡಬ್ಬಿಯ ಬಾಗಿಲಿನಲ್ಲಿ. ಪ್ರತಿ ಸ್ಟೇಷನ್ನಿನಲ್ಲೂ ಕತ್ತು ಹೊರಗೆ ಹಾಕಿ ಅವಳು ಇಳಿದಿಲ್ಲವಷ್ಟೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಹೆಗಲಿಗೊಂದು ಚೀಲ. ಅದರಲ್ಲಿ ಕೊಡೆ, ಎರಡು ಬಾಟಲಿ ನೀರು, ಬಿಸ್ಕತ್ತು, ತಲೆನೋವಿನ ಮಾತ್ರೆ, ಇರಲಿ ಅಂತ ಅವಳ ಡಿಗ್ರಿ ಸರ್ಟಿಫಿಕೇಟಿನ ಝೆರಾಕ್ಸ್. ಅವಳನ್ನು ಬಸ್ಸು ಹತ್ತಿಸಿ, ಬಂದ ದಾರಿಯಲ್ಲೇ ಮರಳಿ, ಬೇಲಾಪುರದ ನನ್ನ ಆಫೀಸಿಗೆ ತಡವಾಗಿ ತಲುಪುತ್ತಿದ್ದೆ.

ಎರಡನೆಯ ವಾರದ ಶನಿವಾರ ಮೇಘಾ ಹೇಳಿಬಿಟ್ಟಳು. "ಪಪ್ಪಾ, ಮಂಡೇ ಸೇ ಮತ್ ಆನಾ. ಪ್ಲೀಸ್. ಸಬ್ ಪೂಛತೇ ಹೈ, ವೋ ಬ್ಯಾಗ್‌ವಾಲೇ ಅಂಕಲ್ ಕೌನ್ ಹೈ." ಸೋಮವಾರದಿಂದ ಬರಬಾರದಂತೆ, ಆ ಚೀಲದ ಅಂಕಲ್ ಯಾರೆಂದು ಎಲ್ಲರೂ ಕೇಳುತ್ತಾರಂತೆ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಸಿಟ್ಟು ಬಂದರೆ ಮರಾಠಿ. ನಮ್ಮಿಂದ ಏನಾದರೂ ಆಗಬೇಕಿದ್ದರೆ ಮಾತ್ರ ಕನ್ನಡ. ಆದ್ದರಿಂದ ಆ ಮಾತು ಹಿಂದಿಯಲ್ಲಿ ಬಂತೆಂದರೆ ಅದು ವಿನಂತಿಯಲ್ಲ, ನೋಟೀಸು. ನಾನು "ಆಯಿತು" ಎಂದೆ. ಆಮೇಲೆ ಯಾರೂ ಕೇಳದಿದ್ದರೂ ರಾತ್ರಿ ಊಟ ಬೇಡವೆಂದೆ. ಸುಮತಿ ಕೇಳಿಸಿಕೊಂಡು ಪಾತ್ರೆ ಫ್ರಿಜ್ಜಿಗಿಟ್ಟಳು, ಅಷ್ಟೇ.

ಮರುದಿನ ಭಾನುವಾರ. ಮೇಘಾ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋಗಿದ್ದಳು. ಊಟದ ಮೇಜಿನ ಮೇಲೆ ಅವಳ ಲ್ಯಾಪ್‌ಟಾಪ್ ತೆರೆದೇ ಇತ್ತು. ಪರದೆಯ ಮೇಲೆ ಕಾಲೇಜಿನಿಂದಲೂ ಅವಳು ಆಡುವ ಆನ್‌ಲೈನ್ ಆಟ. ಬೆಟ್ಟ, ಗುಹೆ, ರಾಕ್ಷಸರು. ಕತ್ತಿ ಹಿಡಿದ ಒಬ್ಬ ಹುಡುಗಿ, ಅದು ಇವಳು. ಅವಳ ಹಿಂದೆಯೇ ನಡೆಯುವ ಒಬ್ಬ ಸಂಗಾತಿ. ಸಂಗಾತಿಯ ಮುಖ, ಮೈಕಟ್ಟು, ಬಟ್ಟೆ ಎಲ್ಲವನ್ನೂ ಆಡುವವರೇ ತಮಗೆ ಬೇಕಾದಂತೆ ರೂಪಿಸಿಕೊಳ್ಳಬಹುದು. ಇಂಥವನನ್ನು ಹರೆಯದ ಹುಡುಗಿ ಹೇಗೆ ರೂಪಿಸಿಕೊಂಡಿರಬಹುದು? ತಂದೆಯಾದವನು ನೋಡದೆ ಇರುತ್ತಾನೆಯೇ? ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ.

ಬೊಕ್ಕತಲೆ. ಕಿವಿಯ ಮೇಲೆ ಎರಡು ಜೊಂಪೆ ಕೂದಲು. ದಪ್ಪ ಮೀಸೆ, ಕನ್ನಡಕ, ಕವಚದೊಳಗೆ ಹಿಡಿಸದೆ ಮುಂದೆ ಬಂದ ಹೊಟ್ಟೆ, ಹೆಗಲಲ್ಲೊಂದು ಚೀಲ. ತಲೆಯ ಮೇಲೆ ಹೆಸರು ತೇಲುತ್ತಿತ್ತು: ಪಪ್ಪಾ.

ಮೊದಲು ಆ ಹೆಸರನ್ನು ಎರಡು ಸಲ ಓದಿದೆ. ಆಮೇಲೆ ಹೊಟ್ಟೆಯ ಕಡೆ ಗಮನ ಹೋಯಿತು. ನನಗೆ ಅಷ್ಟು ಹೊಟ್ಟೆ ಇದೆಯೇ? ಪರದೆಯ ಮೂಲೆಯಲ್ಲಿ ಒಂದು ಕನ್ನಡಿಯ ಚಿತ್ರವಿತ್ತು, ಒತ್ತಿದೆ. ಕೂದಲಿಗೊಂದು ಗೆರೆ, ಸೊಂಟಕ್ಕೊಂದು, ಮೂಗಿಗೊಂದು. ಗೆರೆಯ ಮೇಲಿನ ಗುಂಡಿಯನ್ನು ಅತ್ತಿತ್ತ ಎಳೆದರೆ ಆಯಿತು. ಕೂದಲನ್ನು ಒಂಚೂರು ಎಳೆದೆ, ನ್ಯಾಯವಾಗಿ ಎಷ್ಟಿರಬೇಕೋ ಅಷ್ಟು. ಇಪ್ಪತ್ತು ವರ್ಷಗಳಿಂದ ದಿನಾ ಎಣ್ಣೆ ತಿಕ್ಕಿದರೂ ಬಾರದ್ದು ಬೆರಳ ತುದಿಯಲ್ಲಿ ಹುಲುಸಾಗಿ ಬಂತು. ಅದಕ್ಕೆ ಹೊಂದಲೆಂದು ಹೊಟ್ಟೆ ಇಳಿಸಿದೆ. ಹೊಟ್ಟೆಗೆ ಹೊಂದಲೆಂದು ಎದೆ ಅಗಲಿಸಿದೆ. ಕನ್ನಡಕ ತೆಗೆದೆ. ಚೀಲವನ್ನೂ ತೆಗೆಯಲು ನೋಡಿದೆ, ಅದಕ್ಕೆ ಗುಂಡಿಯೇ ಇರಲಿಲ್ಲ. ಕೊನೆಗೊಂದು ಚೌಕ ಮೂಡಿ ಏನೋ ಕೇಳಿತು. ವಿಮೆಯ ಕಾಗದವನ್ನು ಮೂರು ಸಲ ಓದಿ ಸಹಿ ಮಾಡುವ ನಾನು ಅಲ್ಲಿ ಏನನ್ನೂ ಓದದೆ 'ಹೌದು' ಒತ್ತಿದೆ.

ಅಷ್ಟರಲ್ಲಿ ಸುಮತಿ ಬಂದಳು. "ಇದು ಯಾರು, ನೀವಾ? ಮದುವೆಗೆ ಮೊದಲು ಕಳಿಸಿದ ಫೋಟೋದ ಹಾಗುಂಟು ಮಾರಾಯ್ರೆ. ಅದರಲ್ಲಿಯೂ ನೀವು ಇರ್ಲಿಲ್ಲ."

ಆ ಫೋಟೋದ ಕಥೆಯೂ ಇದೇ. ಡೋಂಬಿವಲಿಯ ಸ್ಟುಡಿಯೋದವನು ತನ್ನದೇ ಕೋಟು ಹಾಕಿಸಿ, ಅದು ದೊಗಳೆಯಾಯಿತೆಂದು ಬೆನ್ನ ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿ, "ತಿರುಗಬೇಡಿ" ಎಂದು ತಾಕೀತು ಮಾಡಿ ತೆಗೆದದ್ದು. ಮೊದಲ ಸಲ ನೋಡಲು ಹೋದಾಗ ಸುಮತಿಯ ತಾಯಿ, "ಹುಡುಗನ ಅಣ್ಣ ಬಂದದ್ದಾ?" ಎಂದು ಕೇಳಿದ್ದರು.

ಮೇಘಾ ತಲೆಗೆ ಟವೆಲ್ ಸುತ್ತಿಕೊಂಡು ಬಂದವಳು ಪರದೆಯನ್ನು ನೋಡಿ ನಿಂತಳು. "ಹೇ ಕಾಯ್ ಕೇಲಂ ತುಮ್ಹೀ?" ಇದೇನು ಮಾಡಿದಿರಿ ಎಂದು, ಮರಾಠಿಯಲ್ಲಿ. ಆಮೇಲೆ ದನಿ ಇಳಿಯಿತು. "ಮೇರೇ ಪಪ್ಪಾ ಕಹಾಂ ಗಯೇ?"

ತನ್ನ ಪಪ್ಪಾ ಎಲ್ಲಿ ಹೋದರೆಂದು ಅವಳು ಕೇಳಿದ್ದು ಎದುರಿಗೇ ಕೂತಿದ್ದ ನನ್ನನ್ನು.

ಆಮೇಲೆ ತಿಳಿಯಿತು. ಸಂಗಾತಿಯನ್ನು ಒಮ್ಮೆ ರೂಪಿಸಿದ ಮೇಲೆ ಬದಲಿಸಲು ಆ ಮಾಯದ ಕನ್ನಡಿಯೇ ಬೇಕು, ಅದನ್ನೂ ಒಂದೇ ಸಲ ಬಳಸಬಹುದಂತೆ. ಅವಳು ಎಂದಾದರೂ ಬೇಕಾದೀತೆಂದು ಕಾಪಾಡಿಕೊಂಡು ಬಂದದ್ದನ್ನು ನಾನು ಕೂದಲಿಗೆ ಸುರಿದಿದ್ದೆ. ಇನ್ನೊಂದು ಬೇಕಾದರೆ ಏಳು ಗುಹೆಗಳಿಂದ ಏಳು ಚೂರು ತಂದು ಜೋಡಿಸಬೇಕು. "ಇಷ್ಟೊಂದು ಚೆಂದದವನಿದ್ದಾನಲ್ಲ, ಇರಲಿ ಬಿಡು" ಎಂದೆ. ಅವಳ ಕಣ್ಣು ತುಂಬಿತ್ತು. ಈ ಸಂಗಾತಿಯ ಜಾತಿಯೇ ಎರಡು ನಿಮಿಷಕ್ಕೊಮ್ಮೆ "ಜೋಪಾನ, ಮುಂದೆ ಅಪಾಯವಿದೆ" ಎನ್ನುತ್ತದಂತೆ. ಹಾಸ್ಟೆಲಿನ ಮೊದಲ ವರ್ಷ ಅದನ್ನು ಕೇಳಿ ನಗು ಬಂದು, ಆಮೇಲೆ ಮನೆ ನೆನಪಾಗಿ, ಗೆಳತಿಯರೆಲ್ಲ ಮಲಗಿದ ಮೇಲೆ ನನ್ನ ಫೋಟೋ ಪಕ್ಕದಲ್ಲಿಟ್ಟುಕೊಂಡು ಸಂಗಾತಿಯ ಮೂಗು ತಿದ್ದಿದಳಂತೆ. "ಯೇ ಹೀರೋ ಬೋಲತಾ ಹೈ ತೋ ಝೂಠ್ ಲಗತಾ ಹೈ" ಎಂದಳು. ಈ ನಾಯಕನ ಬಾಯಲ್ಲಿ 'ಜೋಪಾನ' ಎಂಬುದು ಸುಳ್ಳೆನಿಸುತ್ತದೆಯಂತೆ.

ಒಪ್ಪಂದವಾಯಿತು. ಚೂರು ಹುಡುಕಲು ನಾನು ಜೊತೆಗೂಡಬೇಕು. ರೈಲಿಗೆ ಮಾತ್ರ ಬರಕೂಡದು.

ಮೂರು ವಾರ ಸಂಜೆ ಆಫೀಸಿನಿಂದ ಬಂದವನೇ ನೇರ ಮೇಜಿಗೆ. ನಕ್ಷೆ ನೋಡುವುದು ನನ್ನ ಕೆಲಸ. "ಎಡಕ್ಕೆ, ಎಡಕ್ಕೆ! ಏನೋ ಬರ್ತಾ ಉಂಟು!" ಎಂದು ನಾನು ಕೂಗಿದ ಗಾಬರಿಗೇ ಅವಳು ನಾಲ್ಕು ಸಲ ಸತ್ತಳು. "ಪಪ್ಪಾ, ರಾಕ್ಷಸ್ ಸೇ ಜ್ಯಾದಾ ಡರ್ ಆಪಸೇ ಲಗತಾ ಹೈ" ಎಂದಳು. ರಾಕ್ಷಸರಿಗಿಂತ ನನ್ನ ಹೆದರಿಕೆಯೇ ಹೆಚ್ಚಂತೆ. ಬೆಳಿಗ್ಗೆ ಅವಳು ಒಬ್ಬಳೇ ಠಾಣೆಗೆ ಹೋಗಿ 'ರೀಚ್ಡ್' ಎಂದು ಮೆಸೇಜು ಹಾಕುತ್ತಿದ್ದಳು. ನನಗೆ ಆಗ ನಾಲ್ಕನೆಯ ಗುಹೆಯ ಹಾವಿನ ಚಿಂತೆ.

ಏಳನೆಯ ಚೂರು ಸಿಕ್ಕ ದಿನ ಮೇಘಾ ಲ್ಯಾಪ್‌ಟಾಪನ್ನು ನನ್ನತ್ತ ತಳ್ಳಿ, "ನೀವೇ ಮಾಡಿ ಪಪ್ಪಾ" ಎಂದಳು. ಕನ್ನಡದಲ್ಲಿ. ನಾನು ಕೂದಲಿನ ಗುಂಡಿಯನ್ನು ಹಿಂದಕ್ಕೆಳೆದೆ. ಎರಡು ಬೆರಳಿನಷ್ಟು ಉಳಿಸಿಕೊಳ್ಳಲು ನೋಡಿದೆ. "ಔರ್ ಕಮ್," ಇನ್ನೂ ಕಡಿಮೆ ಎಂದಳು ಮೇಘಾ. ಇಳಿಸಿದೆ. ಹಿಂದಿನಿಂದ ಸುಮತಿ, "ಹೊಟ್ಟೆ ಸಾಕಾಗ್ಲಿಲ್ಲ, ಇನ್ನೂ ಬೇಕು" ಎಂದಳು. ತನ್ನ ಬೋಳುತನಕ್ಕಾಗಿ ಇಷ್ಟು ಹೋರಾಡಿದ ಗಂಡಸು ನೆರೂಳದಲ್ಲಿ ನನ್ನ ಹೊರತು ಇನ್ನೊಬ್ಬನಿರಲಾರ. ಚೌಕ ಮೂಡಿತು. ಈ ಸಲ ಮೂರು ಬಾರಿ ಓದಿ 'ಹೌದು' ಒತ್ತಿದೆ.

"ಅಬ್ ಠೀಕ್ ಹೈ" ಎಂದ ಮಗಳು, ಮರುಕ್ಷಣವೇ ಇನ್ನೇನೋ ಒತ್ತಿದಳು. ಹುಡುಗಿ ಕತ್ತಿ ಹಿಡಿದು ಒಬ್ಬಳೇ ಬೆಟ್ಟ ಹತ್ತತೊಡಗಿದಳು. ಪಪ್ಪಾ ಬಿಡಾರದ ಬೆಂಕಿಯ ಮುಂದೆ ಉಳಿದ.

"ಅವನು ಬರೋದಿಲ್ವಾ?"

"ಈ ಗುಹೆಗೆ ನಾನೊಬ್ಬಳೇ, ಪಪ್ಪಾ. ಅವರು ಅಲ್ಲೇ ಇರ್ತಾರೆ. ವಾಪಸ್ ಬಂದಾಗ ಬೇಕಲ್ಲ."

ಪರದೆಯ ಮೂಲೆಯಲ್ಲಿ ಆ ಬೋಳುತಲೆಯವನು ಕಾಯುತ್ತ ಕೂತಿದ್ದ. ಹೆಗಲ ಚೀಲ ಹೆಗಲಲ್ಲೇ. ನನಗೆ ಕನಿಕರವೂ ಸಿಟ್ಟೂ ಒಟ್ಟಿಗೇ ಬಂದವು. "ಅವಳು ಬರಲು ಹೊತ್ತಾಗುತ್ತದೆ ಮಾರಾಯ, ಆ ಚೀಲವನ್ನಾದರೂ ಇಳಿಸಿ ಕೂತ್ಕೋ!" ಎಂದು ಗದರಿದೆ.

ಸುಮತಿ ಚಹಾದ ಲೋಟ ನನ್ನ ಮುಂದಿಟ್ಟು, ಆಫೀಸಿನಿಂದ ಬಂದಾಗಿನಿಂದ ನನ್ನ ಹೆಗಲಲ್ಲೇ ನೇತಾಡುತ್ತಿದ್ದ ಚೀಲವನ್ನು ತೆಗೆದುಕೊಂಡು ಒಳಗೆ ಹೋದಳು.