ಮಾವನ ಹೆಸರಿನ ಕಡುಬು

ಹೊಸ ವರ್ಷದ ಹಿಂದಿನ ದಿನ ಬೆಳಿಗ್ಗೆ ನಾನು ಅಂಗಿಯ ತೋಳು ಮೇಲೇರಿಸಿ ಘೋಷಿಸಿದೆ: "ಈ ಸಲ ಜಿಯಾವ್ಜಿ ಮಾಡೋದು ನಾನೇ. ಅಡುಗೆಮನೆಗೆ ಯಾರೂ ಕಾಲಿಡಕೂಡದು!"

ಚೀನಾದ ಶಾಂಡಾಂಗಿನ ನಮ್ಮ ಮನೆಯಲ್ಲಿ ಹಬ್ಬದ ಈ ಕಡುಬು ಮಾವನ ಇಲಾಖೆ. ಬೀದಿಗೆ ಬೀದಿಯೇ ಅವರ ಕೈರುಚಿಯನ್ನು ಕೊಂಡಾಡುತ್ತಿತ್ತು. ಮೂರು ತಿಂಗಳ ಹಿಂದೆ ಮಾವ ತೀರಿಕೊಂಡರು. ಅಂದಿನಿಂದ ಅತ್ತೆ ಒಲೆಯ ಹತ್ತಿರ ಸುಳಿದಿಲ್ಲ, ಹೊಟ್ಟೆಗೆ ಎರಡು ತುತ್ತು ಗಂಜಿ ಬಿಟ್ಟರೆ ಏನೂ ಇಲ್ಲ. ಅವರು ಒಂದೇ ಒಂದು ಕಡುಬು ತಿಂದರೂ ನನ್ನ ಜನ್ಮ ಸಾರ್ಥಕ ಎಂದುಕೊಂಡೆ.

"ನಿನಗೆ ಬರುತ್ತಾ?" ಎಂದಳು ಹೆಂಡತಿ ಲಿಚುನ್.

"ಹದಿನೆಂಟು ವರ್ಷದ ಅನುಭವ ಇದೆ."

"ಅದು ತಿಂದ ಅನುಭವ."

ಕಣಕ ನೀರಾಯಿತು, ಹಿಟ್ಟು ಸುರಿದೆ. ಗಟ್ಟಿಯಾಯಿತು, ನೀರು ಸುರಿದೆ. ಮೂವರ ಸಂಸಾರಕ್ಕೆ ಒಂದು ಪಟಾಲಮ್ಮಿಗಾಗುವಷ್ಟು ಕಣಕ ಎದ್ದು ಕೂತಿತು. ಎಲೆಕೋಸಿಗೆ ಉಪ್ಪು ಹಾಕಿ ನೀರು ಹಿಂಡಬೇಕಂತೆ. ಸತ್ವವೆಲ್ಲ ಹೋದೀತೆಂದು ಹಿಂಡದೆ ಹಾಗೇ ಹಂದಿಮಾಂಸಕ್ಕೆ ಕಲಸಿದೆ. ನನ್ನ ಕಡುಬುಗಳು ಹಲಗೆಯ ಮೇಲೆ ಕೂರಲಿಲ್ಲ, ಮಲಗಿದವು. ಕುದಿನೀರಿಗೆ ಬಿಟ್ಟು ಸೌಟಿನಿಂದ ಚೆನ್ನಾಗಿ ತಿರುವಿದೆ. ಎರಡೇ ನಿಮಿಷ, ಕಣಕ ಒಂದು ಕಡೆ, ಹೂರಣ ಒಂದು ಕಡೆ.

"ಅಯ್ಯೋ, ಎಲ್ಲಾ ಒಡೆದ್..."

ಲಿಚುನ್ ಓಡಿಬಂದು ನನ್ನ ಬಾಯಿ ಮುಚ್ಚಿದಳು. "ಹಬ್ಬದ ದಿನ ಆ ಮಾತು ಆಡಬಾರದು, ಅಪಶಕುನ. ತುಂಬಿ ಬಂತು ಅನ್ನು."

"ಸರಿ. ಅರವತ್ತಕ್ಕೆ ಅರವತ್ತೂ ತುಂಬಿ ಬಂದಿವೆ."

ಗಲಾಟೆ ಕೇಳಿ ಅತ್ತೆಯೇ ಬಂದು ಪಾತ್ರೆಯೊಳಗೆ ಇಣುಕಿದರು. ನನಗೆ ಅಳುವೇ ಬಂತು. "ತಪ್ಪಾಯ್ತು ಅತ್ತೆ, ಮಾವನ ಹೆಸರು ಕೆಡಿಸಿಬಿಟ್ಟೆ" ಎಂದೆ.

ಅತ್ತೆ ಕಡುಬಿನ ಒಂದು ಚಿಂದಿಯನ್ನು ಸೌಟಿನಲ್ಲೆತ್ತಿ ಬಾಯಿಗಿಟ್ಟು ನಿಧಾನವಾಗಿ ಅಗಿದರು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಥೇಟ್ ಅವರದೇ."

"ಏನತ್ತೆ?"

"ಪ್ರತಿ ವರ್ಷ ಹೀಗೇ ಗಂಜಿ ಮಾಡಿಡ್ತಿದ್ರು. ಅವರನ್ನ ಬೆಳ್ಳುಳ್ಳಿ ಸುಲಿಯೋಕೆ ಅಂಗಳಕ್ಕೆ ಕಳಿಸಿ ನಾನೇ ಬೇರೆ ಕಡುಬು ಮಾಡ್ತಿದ್ದೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಬಂದು ಕೂತು, ಬೀದಿಯವರ ಹತ್ರ ಹೊಗಳಿಸಿಕೊಳ್ಳೋರು. ಕಳ್ಳ ಮುದುಕ."

ಅಷ್ಟು ಹೇಳಿ ಅತ್ತೆ ಕಣಕದ ಗುಡ್ಡೆಯಿಂದ ಒಂದು ಮುದ್ದೆ ಕಿತ್ತು ನಾದತೊಡಗಿದರು. ಮೂರು ತಿಂಗಳಲ್ಲಿ ಇದೇ ಮೊದಲು. ಲಿಚುನ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ನಾನು ಗೆದ್ದ ಹುರುಪಿನಲ್ಲಿ ಮುಂದೆ ಬಂದು, "ಅತ್ತೆ, ನಾನೇನು ಮಾಡ್ಲಿ ಹೇಳಿ" ಎಂದೆ.

ಅತ್ತೆ ತಲೆಯೆತ್ತದೆ ಹೇಳಿದರು: "ನೀನಾ? ಅಂಗಳಕ್ಕೆ ಹೋಗಿ ಬೆಳ್ಳುಳ್ಳಿ ಸುಲಿ."