ಮೀನು ತೂಗಲು ಒಂದು ನಂಬಿಗಸ್ತ ತಕ್ಕಡಿ

ನಾನು ಓದು ನಿಲ್ಲಿಸಿದ್ದು ೧೯೮೭ರಲ್ಲಿ, ಏಳನೇ ಕ್ಲಾಸಿನ ನಡುವೆ. ನಿಲ್ಲಿಸಿದ್ದು ನಾನೇ, ಶಾಲೆಯವರಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಮುಂದಿನ ವಿದ್ಯಾಭ್ಯಾಸವೆಲ್ಲ ಬೊಂಬಾಯಿಯ ಗ್ರಾಂಟ್ ರೋಡಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ನಡೆಯಿತು. ಅಲ್ಲಿ ಕಲಿತ ಮುಖ್ಯ ವಿಷಯ ತೂಕ. ಬೆಳಿಗ್ಗೆ ಬಂದ ಬಟಾಟೆ ಮೂಟೆಯನ್ನು ತಕ್ಕಡಿಗೆ ಏರಿಸಬೇಕು, ಗೋಣಿಯ ತೂಕ ಕಳೆಯಬೇಕು, ಉಳಿದದ್ದನ್ನು ಬರೆಯಬೇಕು. "ಗೋಣಿಯನ್ನು ಗಿರಾಕಿ ತಿನ್ನುವುದಿಲ್ಲ" ಎಂದು ನಮ್ಮ ಆಗಿನ ಯಜಮಾನರು ದಿನಕ್ಕೊಮ್ಮೆ ಹೇಳುತ್ತಿದ್ದರು. ಅಂದಿನಿಂದ ಇಂದಿನವರೆಗೆ ಗೋಣಿ ಕಳೆಯದೆ ನಾನು ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಂಡವನಲ್ಲ. ಮಗಳು ಹುಟ್ಟಿದ ದಿನ ನರ್ಸು ಹೊರಗೆ ಬಂದು "ಮೂರು ಕಿಲೋ" ಎಂದಾಗ, "ಬಟ್ಟೆ ಸೇರಿಸಿಯೋ, ಬಿಟ್ಟೋ?" ಎಂದು ಕೇಳಿದ್ದೆ. ಹೆಂಡತಿ ಇದನ್ನು ಇನ್ನೂ ಮರೆತಿಲ್ಲ.

ಈಗ ಬೊರಿವಲಿಯಲ್ಲಿ ನನ್ನದೇ ಒಂದು ಶುದ್ಧ ಸಸ್ಯಾಹಾರಿ ಹೋಟೆಲು ಇದೆ. ಹೋಟೆಲು ಸಸ್ಯಾಹಾರಿ, ನಾನಲ್ಲ. ನಮ್ಮ ಕಡೆಯಿಂದ ಬಂದು ಇಡ್ಲಿ ಮಾರಿ ಬದುಕುವ ನನ್ನಂಥವರು ಈ ಊರಿನಲ್ಲಿ ಬಹಳ ಜನ ಇದ್ದಾರೆ. ಇಡೀ ವರ್ಷ ಸಾಂಬಾರಿನ ಪರಿಮಳದಲ್ಲಿ ಮುಳುಗಿದ್ದವರೆಲ್ಲ ಒಂದು ಭಾನುವಾರ ಖಾಡಿಯ ಹಿನ್ನೀರು ದಾಟಿ ಗೊರಾಯಿ ಕಡೆ ಹೋಗಿ, ಒಂದು ಮೀನಿನ ಕೆರೆಯನ್ನು ಬಾಡಿಗೆಗೆ ಹಿಡಿದು, ಗಾಳ ಹಾಕುತ್ತೇವೆ. ಅತಿ ಭಾರದ ಮೀನು ಹಿಡಿದವನಿಗೆ ಒಂದು ಹಿತ್ತಾಳೆಯ ಫಲಕ. ಅದಕ್ಕೆ ಒಂದು ನಿಯಮವಿದೆ: ಹಿಂದಿನ ವರ್ಷದ ತೂಕವನ್ನು ಮೀರಿಸಿದರೆ ಮಾತ್ರ ಫಲಕ ಕೈ ಬದಲಾಗುತ್ತದೆ, ಇಲ್ಲವಾದರೆ ಇದ್ದವನ ಗೋಡೆಯಲ್ಲೇ ಇರುತ್ತದೆ.

ಹೋದ ವರ್ಷ ಅಲ್ಲೊಂದು ಅನಾಹುತವಾಯಿತು. ವಿಲೆ ಪಾರ್ಲೆಯಲ್ಲಿ ಕ್ಯಾಂಟೀನು ನಡೆಸುವ ವಾಸು ಭಾವ ನನ್ನ ಹೆಂಡತಿಯ ಅಣ್ಣ. ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸುವ ರಘಣ್ಣ, ಭಾವನ ಪ್ರಾಣಸ್ನೇಹಿತ. ಇಬ್ಬರೂ ಒಂದೇ ಬಸ್ಸಿನಲ್ಲಿ ಬೊಂಬಾಯಿಗೆ ಬಂದು ಒಂದೇ ಚಾಪೆಯಲ್ಲಿ ಆರು ವರ್ಷ ಮಲಗಿದವರು. ಭಾವನ ಮೀನನ್ನು ಕಿವಿರಿಗೆ ಕೊಕ್ಕೆ ಹಾಕಿ ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿದರು: ಎರಡು ಕಿಲೋ. ರಘಣ್ಣನ ಮೀನು ಒದ್ದಾಡುತ್ತಿತ್ತೆಂದು ಒದ್ದೆ ಚೀಲಕ್ಕೆ ಹಾಕಿ ತೂಗಿದರು: ಎರಡು ಕಿಲೋ ನೂರು. "ಚೀಲದ್ದು ಎಲ್ಲಿಗೆ ಹೋಯ್ತು?" ಎಂದು ಭಾವ ಕೂಗಿದ. "ನಿನ್ನ ಹೊಟ್ಟೆಕಿಚ್ಚಿಗಿಂತ ಚೀಲದ್ದು ಕಮ್ಮಿಯೇ ಮಾರಾಯ" ಎಂದ ರಘಣ್ಣ. ಅಷ್ಟೇ. ಫಲಕ ಗ್ರಾಂಟ್ ರೋಡಿಗೆ ಹೋಯಿತು, ಮಾತು ನಿಂತಿತು. ಒಂದು ವರ್ಷ ಇಬ್ಬರೂ ನನ್ನ ಮೂಲಕವೇ ಒಬ್ಬರನ್ನೊಬ್ಬರು ಬೈದುಕೊಂಡರು. ಈ ವರ್ಷವೂ ತೂಕದಲ್ಲಿ ಗಲಾಟೆಯಾದರೆ ಸ್ಪರ್ಧೆಯೇ ಬೇಡವೆಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಆ ಸಭೆಯಲ್ಲಿ ನಾನು ಎದ್ದು ನಿಂತು, "ತಕ್ಕಡಿ ನನಗೆ ಬಿಡಿ. ಹತ್ತು ಗ್ರಾಂ ಆಚೀಚೆಯಾದರೆ ನನ್ನನ್ನು ಕೇಳಿ" ಎಂದೆ. ಯಾರೂ ಕೇಳದೆ ಹೀಗೆ ಎದ್ದು ನಿಲ್ಲುವ ಅಭ್ಯಾಸ ನನಗೆ ಮೊದಲಿನಿಂದಲೂ ಉಂಟು.

ತಕ್ಕಡಿಯೇನು, ಹೋಟೆಲಿನಲ್ಲೇ ಇದೆಯಲ್ಲ ಎಂದು ನಾನು ಧೈರ್ಯದಲ್ಲಿದ್ದೆ. ನಮ್ಮ ಅಡುಗೆಯ ಭಟ್ಟರು ಸೌಟು ಕೆಳಗಿಟ್ಟರು. "ಯಜಮಾನ್ರೇ, ಮೀನು ಈ ತಕ್ಕಡಿಗೆ ಹತ್ತಿದ ದಿನ ನಾನು ಊರಿಗೆ ರೈಲು ಹತ್ತುತ್ತೇನೆ." ತೊಳೆದು ತರುತ್ತೇನೆ ಎಂದೆ. "ತಕ್ಕಡಿ ತೊಳೆಯಬಹುದು. ನನ್ನ ಮನಸ್ಸನ್ನು ಯಾವುದರಲ್ಲಿ ತೊಳೆಯುತ್ತೀರಿ?" ಅಂದರು. ಭಟ್ಟರ ಸಾಂಬಾರಿಗಾಗಿ ಜನ ದಹಿಸರದಿಂದ ಬರುತ್ತಾರೆ. ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಮೂಲೆಯ ರದ್ದಿ ಅಂಗಡಿಯವನ ಬಳಿ ಒಂದು ತೂಗುತಕ್ಕಡಿ ಇತ್ತು. ಒಂದು ದಿನದ ಮಟ್ಟಿಗೆ ಕೊಡು ಎಂದು ಕೇಳಿದೆ. ಅವನು ಪ್ರಾಮಾಣಿಕ ಮನುಷ್ಯ. "ಸೇಠ್, ಯೇ ಖರೀದ್ನೇ ಕಾ ಕಾಟಾ ಹೈ" ಎಂದ. ಅಂದರೆ ಅದು ಕೊಳ್ಳುವುದಕ್ಕೆ ಮಾತ್ರ ಇರುವ ತಕ್ಕಡಿ. ಮಾರುವಾಗ ಅವನು ಬೇರೆಯದನ್ನು ಬಳಸುತ್ತಾನೆ. ಮೀನು ಮಾರುಕಟ್ಟೆಯಲ್ಲಿ ನನಗೆ ಇಪ್ಪತ್ತು ವರ್ಷದಿಂದ ಮೀನು ಕೊಡುವ ಹೆಂಗಸನ್ನು, ಎಲ್ಲರೂ ಮಾವಶಿ ಅಂದರೆ ಚಿಕ್ಕಮ್ಮ ಎನ್ನುವವಳನ್ನು, ಕೇಳಿದೆ. ಅವಳ ಬಳಿ ತಕ್ಕಡಿಯೇ ಇರಲಿಲ್ಲ. ಅವಳು ಮಾರುವುದು ಪಾಲು ಹಾಕಿ: ಇಷ್ಟು ಮೀನಿನ ಗುಡ್ಡೆಗೆ ಇಷ್ಟು. "ತಕ್ಕಡಿ ಯಾಕೆ? ನನ್ನ ಕಣ್ಣು ಸಾಲದಾ? ಇಷ್ಟು ವರ್ಷ ನಿನ್ನ ಮನೆಯಲ್ಲಿ ಯಾರಿಗಾದರೂ ಮೀನು ಕಡಿಮೆ ಬಿದ್ದಿದೆಯಾ?" ಎಂದು ಮರಾಠಿಯಲ್ಲಿ ಜೋರು ಮಾಡಿದಳು. ಬಿದ್ದಿರಲಿಲ್ಲ. ಅವಳ ಕಣ್ಣನ್ನೇ ಗೊರಾಯಿಗೆ ಕರೆದುಕೊಂಡು ಹೋಗೋಣ ಎಂದುಕೊಂಡೆ; ಭಾನುವಾರ ಅವಳಿಗೆ ವ್ಯಾಪಾರದ ದಿನ. ಮನೆಯಲ್ಲಿ ನಮ್ಮನ್ನೇ ತೂಗಿಕೊಳ್ಳುವ ಯಂತ್ರವೊಂದಿದೆ. ಮೀನು ಹಿಡಿದು ಒಮ್ಮೆ, ಹಿಡಿಯದೆ ಒಮ್ಮೆ ನಿಂತು ನೋಡಿದರಾಯಿತು ಎಂದು ಬೆಲ್ಲದ ಅಚ್ಚು ಹಿಡಿದು ಪರೀಕ್ಷಿಸಿದೆ. ಬೆಲ್ಲದೊಂದಿಗೆ ನಾನು ಅರ್ಧ ಕಿಲೋ ಹಗುರಾದೆ. ಹೆಂಡತಿ ಅಂದಿನಿಂದ ಬೆಲ್ಲ ಹಿಡಿದುಕೊಂಡೇ ತೂಗಿಕೊಳ್ಳುತ್ತಿದ್ದಾಳೆ.

ಕೊನೆಗೆ ಮಗಳು ಶ್ರಾವ್ಯ ಮೊಬೈಲಿನಲ್ಲಿ ಹುಡುಕಿ, ಮೀನಿಗೆಂದೇ ಮಾಡಿದ ಡಿಜಿಟಲ್ ತೂಗುತಕ್ಕಡಿಯೊಂದನ್ನು ತರಿಸಿದಳು. ಅವಳ ಕನ್ನಡ ಅರ್ಧ ದಾರಿಯಲ್ಲಿ ಗಾಡಿ ಬದಲಾಯಿಸುತ್ತದೆ. "ಪಪ್ಪಾ, ಇದು ಏಕ್‌ದಮ್ ಆಕ್ಯುರೇಟ್. ಖಾಲಿ ಚೀಲ ಹ್ಯಾಂಗ್ ಮಾಡಿ ಈ ಬಟನ್ ಪ್ರೆಸ್ ಮಾಡಿದ್ರೆ ಚೀಲದ ವೇಟ್ ಝೀರೋ ಆಗ್ತದೆ. ಸಮಝಾ?" ಎಂದಳು. ನಾನು ತಲೆಯಾಡಿಸಿದೆ. ತಕ್ಕಡಿಯ ವಿಷಯವನ್ನು ನನಗೆ ಕಾಲೇಜಿಗೆ ಹೋಗುವ ಮಗಳು ಹೇಳಿಕೊಡುವುದೇ ಎಂಬ ಯೋಚನೆಯಲ್ಲಿದ್ದುದರಿಂದ ಅವಳು ಹೇಳಿದ್ದು ಸರಿಯಾಗಿ ಕಿವಿಗೆ ಬೀಳಲಿಲ್ಲ. ಅದನ್ನು ಹೋಟೆಲಿಗೆ ಒಯ್ದು ಒಂದು ಕಿಲೋ ಸಕ್ಕರೆ, ಎರಡು ಕಿಲೋ ಸಕ್ಕರೆ, ಐದು ಕಿಲೋ ಅಕ್ಕಿ ಎಲ್ಲ ತೂಗಿ ನೋಡಿದೆ. ಭಟ್ಟರು ಮೊದಲು ಕೊಕ್ಕೆಯನ್ನು ಮೂಸಿ ನೋಡಿಯೇ ಒಳಗೆ ಬಿಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಚೀಲವನ್ನೂ ಒದ್ದೆ ಮಾಡಿ ತೂಗಿ ಬರೆದಿಟ್ಟುಕೊಂಡೆ: ನೂರೈವತ್ತು ಗ್ರಾಂ. ಈ ಸಲ ಚೀಲದ ಬಗ್ಗೆ ಒಬ್ಬನೂ ಬಾಯಿ ತೆರೆಯಬಾರದು.

ಭಾನುವಾರ ಬಂತು. ಎಲ್ಲರ ಮೀನೂ ಒಂದೇ ಚೀಲದಲ್ಲಿ ಎಂದು ಕಾನೂನು ಮಾಡಿದೆ. ಶ್ರಾವ್ಯ ಖಾಲಿ ಚೀಲ ತೂಗುಹಾಕಿ ಅದೇನೋ ಒತ್ತುತ್ತಿದ್ದಳು. ನಾನು ಅಂಕಿ ಓದಿ, ಮನಸ್ಸಿನಲ್ಲೇ ಲೆಕ್ಕ ಮಾಡಿ ಗಟ್ಟಿಯಾಗಿ ಹೇಳುತ್ತಿದ್ದೆ. ಅಂಕಿ ಓದುವ ಹಕ್ಕನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಹನ್ನೊಂದು ಗಂಟೆಗೆ ವಾಸು ಭಾವನ ಗಾಳಕ್ಕೆ ಒಂದು ದೊಡ್ಡ ಜಿತಾಡ ಮೀನು ಬಿತ್ತು. ಅಂಥ ಮೀನನ್ನು ನಾನು ಆ ಕೆರೆಯಲ್ಲಿ ನೋಡಿರಲಿಲ್ಲ. ಭಾವ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು ರಘಣ್ಣನ ಮುಂದಿನಿಂದಲೇ ಸುತ್ತುಹಾಕಿ ಬಂದ. ತಕ್ಕಡಿ ಎರಡು ಕಿಲೋ ಇನ್ನೂರು ತೋರಿಸಿತು. ನೂರೈವತ್ತು ಕಳೆದೆ. "ಎರಡು ಕಿಲೋ ಐವತ್ತು!" ಎಂದು ಕೂಗಿದೆ. ಫಲಕಕ್ಕೆ ಐವತ್ತು ಗ್ರಾಂ ಕಡಿಮೆ.

ಭಾವ ಗಲಾಟೆ ಮಾಡಲಿಲ್ಲ. ಅದೇ ಕಷ್ಟವಾಯಿತು. "ನೀನು ತೂಗಿದ್ದಲ್ವಾ, ಸರಿಯೇ ಇರ್ತದೆ" ಎಂದು ಹೇಳಿ, ಗಾಳ ಸುತ್ತಿ, ಊಟಕ್ಕೂ ನಿಲ್ಲದೆ ದೋಣಿ ಹತ್ತಿದ.

ಸಂಜೆ ಮನೆಯಲ್ಲಿ ಶ್ರಾವ್ಯ ನನ್ನ ಪಟ್ಟಿ ನೋಡಿದಳು. "ಪಪ್ಪಾ, ಮಾಮನದ್ದು ಟೂ ಪಾಯಿಂಟ್ ಟೂ ಇತ್ತಲ್ಲ? ನೀವು ಚೀಲ ಯಾಕೆ ಮೈನಸ್ ಮಾಡಿದ್ದು? ನಾನು ಆಲ್‌ರೆಡಿ ಝೀರೋ ಮಾಡಿದ್ದೆ ನಾ?" ನನ್ನ ಹೆಂಡತಿ ಒಳಗಿನಿಂದ ಬಂದು ಪಟ್ಟಿ ನೋಡಿದಳು, ನನ್ನನ್ನು ನೋಡಿದಳು. "ಬಟ್ಟೆ ಸೇರಿಸಿಯೋ, ಬಿಟ್ಟೋ?" ಎಂದಳು. ಈ ಮಾತಿಗಾಗಿ ಅವಳು ಹತ್ತೊಂಬತ್ತು ವರ್ಷ ಕಾದಿದ್ದಳು.

ಮರುದಿನ ಬೊರಿವಲಿಯಿಂದ ಗ್ರಾಂಟ್ ರೋಡಿನವರೆಗೆ ರೈಲಿನಲ್ಲಿ ನಿಂತುಕೊಂಡೇ ಹೋದೆ. ಕೂರಲು ಜಾಗವಿತ್ತು, ಕೂರುವ ಯೋಗ್ಯತೆ ಇರಲಿಲ್ಲ. ರಘಣ್ಣ ಹೋಟೆಲಿನ ಹಣದ ಗಲ್ಲೆಯಲ್ಲಿದ್ದ, ಅವನ ತಲೆಯ ಮೇಲೆ ಗೋಡೆಯಲ್ಲಿ ಫಲಕ. ಎಲ್ಲವನ್ನೂ ಹೇಳಿದೆ. ಮೀನು ಆಗಲೇ ಸಾರಾಗಿ ಮುಗಿದಿರುವುದರಿಂದ ಮತ್ತೆ ತೂಗುವ ಹಾಗಿಲ್ಲ, ನನ್ನ ಮಾತೇ ಸಾಕ್ಷಿ ಎಂದೂ ಹೇಳಿದೆ. ಅವನು ಕೈಯಲ್ಲಿದ್ದ ಚಿಲ್ಲರೆ ಜೋಡಿಸಿಟ್ಟ. ಆಮೇಲೆ ಸ್ಟೂಲು ಹತ್ತಿ ಫಲಕ ಇಳಿಸಿದ. "ಹೋದ ವರ್ಷ ನನ್ನ ಮೀನಿನ ಚೀಲ ಕಳೀಲೇ ಇಲ್ಲ ಮಾರಾಯ. ನನಗೂ ಗೊತ್ತಿತ್ತು. ಆ ವಾಸು ಅಷ್ಟು ಜನರ ಮುಂದೆ ಕಿರುಚದೆ ಇದ್ದಿದ್ರೆ ನಾನೇ ಹೇಳ್ತಿದ್ದೆ" ಎಂದ. ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು, "ನಡಿ, ನಾನೂ ಬರ್ತೇನೆ" ಎಂದ.

ವಿಲೆ ಪಾರ್ಲೆಯಲ್ಲಿ ರಘಣ್ಣ ಫಲಕವನ್ನು ಭಾವನ ಕೈಗಿಟ್ಟ. ನಾನು ಕೇಳಿದ ಕ್ಷಮೆಗೆ ಕಿವಿಗೊಡುವವರು ಯಾರೂ ಇರಲಿಲ್ಲ. "ಹೋದ ವರ್ಷ ಇವನು ಕಳೆಯದ್ದನ್ನೂ ಸೇರಿಸಿ ಈ ವರ್ಷ ಎರಡು ಸಲ ಕಳೆದಿದ್ದಾನೆ" ಎಂದ ರಘಣ್ಣ. "ನನ್ನ ತಂಗಿಯನ್ನು ಕೊಡುವಾಗಲೇ ಗೊತ್ತಿತ್ತು. ಸೀರೆಯ ತೂಕ ಕಳೆದೇ ಕರೆದುಕೊಂಡು ಹೋಗಿದ್ದಾನೆ" ಎಂದ ಭಾವ. ಒಂದು ವರ್ಷದ ಮೇಲೆ ಇಬ್ಬರೂ ನೇರವಾಗಿ ಮಾತಾಡಿದ್ದು ನನ್ನ ವಿಷಯವನ್ನೇ, ಎರಡು ಗಂಟೆ. ಹೋದ ವರ್ಷ ತೂಗಿದವನು ನಾನಲ್ಲ ಎಂದು ಹೇಳಲು ನಡುವೆ ಜಾಗ ಸಿಗಲಿಲ್ಲ. ಸ್ಪರ್ಧೆ ಮುಂದುವರಿಯುತ್ತದೆಂದು ಅಲ್ಲಿಯೇ ತೀರ್ಮಾನವಾಯಿತು. ತಕ್ಕಡಿಯ ಜವಾಬ್ದಾರಿ ಶ್ರಾವ್ಯಳಿಗೆ; ನನಗೆ ಚೀಲ ಹಿಡಿಯುವ ಕೆಲಸ.

ಈಗ ನನ್ನ ಬಳಿ ಇರುವುದು ಇಷ್ಟು: ಹದಿನಾಲ್ಕು ಟೇಬಲ್ಲಿನ ಒಂದು ಹೋಟೆಲು, ಊರಿಗೆ ಹೋಗದ ಒಬ್ಬರು ಭಟ್ಟರು, ಒಬ್ಬಳು ಹೆಂಡತಿ, ಒಬ್ಬಳು ಮಗಳು, ಪರಸ್ಪರ ಮಾತಾಡುವ ಇಬ್ಬರು ಗೆಳೆಯರು, ಸರಿಯಾಗಿ ತೂಗುವ ಎರಡು ತಕ್ಕಡಿ, ಮತ್ತು ಒಂದು ಚೀಲ, ಒದ್ದೆಯಾದಾಗ ನೂರೈವತ್ತು ಗ್ರಾಂ.